ನೇತ್ರಾಣಿ ಸುತ್ತ ಗಾಳ ಇರಲಿ, ಬಲ್ಬು ಬ್ಯಾಡ

ಪ್ರಾಜೆಕ್ಟ್ ಎಕ್ಸ್‌ಪೋ ಬಂತಂದ್ರ ಪ್ರತಿ ವರ್ಷ ಒಂದಾದರೂ 'ಸ್ಮಾರ್ಟ್ ಫಿಶಿಂಗ್' ಸ್ಟಾಲ್ ಇದ್ದೇ ಇರ್ತದ. ಒಂದು ಆರ್ಡುಯಿನೊ, ಒಂದು ಅಲ್ಟ್ರಾಸಾನಿಕ್ ಸೆನ್ಸರ್, ನೀರು ತುಂಬಿದ ಬಕೆಟ್ಟು, ಬಕೆಟ್ಟಿನ ಸುತ್ತ ನೀಲಿ ಎಲ್‌ಇಡಿ ಪಟ್ಟಿ. ಪೋಸ್ಟರಿನ ಕೊನೆಯ ಸಾಲು ಮಾತ್ರ ಯಾವಾಗಲೂ ಒಂದೇ: 'ಇದರಿಂದ ಮೀನುಗಾರರ ಇಳುವರಿ ಹೆಚ್ಚಾಗುತ್ತದೆ.' ಜಡ್ಜ್ ಆಗಿ ಬಂದವರು ತಲೆ ಆಡಸ್ತಾರ, ಫೋಟೊ ತೆಗಿಸ್ಕೋತೀವಿ, ಬಕೆಟ್ಟು ಹಾಸ್ಟೆಲ್ ಬಾತ್‌ರೂಮಿಗೆ ವಾಪಸ್ ಹೋಗ್ತದ.

ನಮ್ಮ ತಕರಾರು ಇರೋದು ಆ ಕೊನೇ ಸಾಲಿನ ಮ್ಯಾಲ. ಇಳುವರಿ ಹೆಚ್ಚಾಗೋದು ಎಲ್ಲಾ ನೀರಿನೊಳಗೂ ಒಳ್ಳೇ ಸುದ್ದಿ ಅಲ್ಲ. ಹವಳ ಬೆಳೆದ ನಡುಗಡ್ಡೆಯ ಸುತ್ತ ಅಂತೂ ಅಲ್ಲವೇ ಅಲ್ಲ. ನಮ್ಮ ರಾಜ್ಯದಲ್ಲಿ ಅಂಥ ಜಾಗ ಅಂದ ಕೂಡಲೆ ಮೊದಲು ಹೇಳಬೇಕಾದ್ದು ಮುರ್ಡೇಶ್ವರದ ಎದುರಿಗಿರುವ ನೇತ್ರಾಣಿ. ಆ ದ್ವೀಪದ ಸುತ್ತ ಒಂದು ನಾಟಿಕಲ್ ಮೈಲಿಯ ಒಳಗ ಗಾಳ ಬಿಟ್ಟು ಬೇರೆ ಏನೂ ನೀರಿಗೆ ಇಳಿಯಬಾರದು. ಬಲೆ ಬ್ಯಾಡ, ಬಲ್ಬು ಬ್ಯಾಡ. ಎಂಜಿನಿಯರಿಂಗ್ ಓದೋ ನಾವು ತಲೆ ಖರ್ಚು ಮಾಡೋದಿದ್ರ ಆ ಗಾಳದವರ ಪರವಾಗಿ ಮಾಡಬೇಕು. ಇಷ್ಟೇ ನಮ್ಮ ಮಾತು. ಉಳಿದದ್ದು ಯಾಕ ಅನ್ನೋದರ ವಿವರ.

ಮಾಳಮಡ್ಡಿಯೊಳಗ ಕೂತು ಸಮುದ್ರದ ಬಗ್ಗೆ ಬರಿಯೋ ಇವರ್ಯಾರು ಅಂತ ನೀವು ಕೇಳೋದು ಸರೀನ ಅದ. ನಾವು ನಾಲ್ಕು ಮಂದಿ ಸ್ಟೇಷನ್ನಿನ ಕಡೆ ಒಂದು ಹಳೇ ಹೆಂಚಿನ ಮನಿಯ ಹಿಂದಿನ ಖೋಲಿಯೊಳಗ ಇರ್ತೀವಿ. ಬಾಡಿಗೆ ಕರಾರಿನ ಮೊದಲನೇ ಷರತ್ತು: ಒಳಗ ಮೀನು ಬೇಯಿಸಂಗಿಲ್ಲ. (ಎರಡನೇ ಷರತ್ತು ಬಾಡಿಗೆ ಬಗ್ಗೆ. ಕ್ರಮ ಗಮನಿಸ್ರಿ.) ನಮ್ಮ ನಾಲ್ವರೊಳಗ ಒಬ್ಬಾವ ಭಟ್ಕಳದ ಕಡೆಯವ, ಅವನ ದೊಡ್ಡಪ್ಪ ನಲವತ್ತು ವರ್ಷದಿಂದ ಗಾಳ ಹಾಕ್ಕೋತ ಬಂದವರು. ಎರಡು ಸಲ ಚಳಿಗಾಲದ ರಜೆಯಲ್ಲಿ ನಾವು ಅವರ ದೋಣಿ ಹತ್ತೇವಿ. ಇನ್ನೊಂದು ಸಂಬಂಧವೂ ಅದ. ನಮ್ಮ ಧಾರವಾಡದ ಸೋಮೇಶ್ವರ ಗುಡಿ ಹತ್ತಿರ ಹುಟ್ಟೋ ಶಾಲ್ಮಲಾ ಮುಂದ ಬೇಡ್ತಿ ಆಗಿ, ಗಂಗಾವಳಿ ಆಗಿ, ಗೋಕರ್ಣದ ಉತ್ತರಕ್ಕ ಅರಬ್ಬಿ ಸಮುದ್ರ ಸೇರ್ತದ. ಇಲ್ಲಿ ನಾವು ಗಟಾರಕ್ಕ ಒಗೆದ ಶಾಂಪೂ ಸ್ಯಾಶೆಯ ಕೊನೇ ಸ್ಟಾಪ್ ಅದೇ ಕರಾವಳಿ. ಹಂಗಾಗಿ ಸಮುದ್ರ ನಮಗ ಪೂರ್ತಿ ಪರದೇಶ ಅಲ್ಲ.

ನೇತ್ರಾಣಿ ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್, ಅಂದ್ರ ಹತ್ತು ನಾಟಿಕಲ್ ಮೈಲಿ ಒಳಗದ. ಪಾರಿವಾಳದ ದ್ವೀಪ ಅಂತಲೂ ಕರೀತಾರ. ಮ್ಯಾಲಿಂದ ನೋಡಿದರ ಹೃದಯದ ಆಕಾರ; 'ಗಂಧದ ಗುಡಿ' ಸಿನಿಮಾದಾಗ ಪುನೀತ್ ರಾಜ್‌ಕುಮಾರ್ ನೀರೊಳಗ ಇಳಿದದ್ದು ಇಲ್ಲೇ. ಮೀನುಗಾರರು ಅಲ್ಲಿ ಜಟ್ಟಿಗನಿಗೆ ಹರಕೆ ಸಲ್ಲಿಸ್ತಾರ, ಹರಕೆಗೆ ಬಿಟ್ಟ ಆಡುಗಳು ಕಲ್ಲಿನ ಮ್ಯಾಲ ಅಡ್ಡಾಡ್ತಾವ. ಒಂದು ಕಾಲಕ್ಕ ನೌಕಾಪಡೆಯವರು ಇದನ್ನ ಗುಂಡಿನ ಗುರಿ ಅಭ್ಯಾಸಕ್ಕ ಬಳಸಿದ್ದೂ ಉಂಟು. ನೀರಿನ ಕೆಳಗ ಬಂಡೆಗಳಿಗೆ ಹವಳ ಹತ್ತಿ ಬೆಳದದ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಈ ಒಂದೇ ದ್ವೀಪದ ಸುತ್ತ ಎಂಬತ್ತಕ್ಕೂ ಹೆಚ್ಚು ಜಾತಿಯ ಹವಳದ ಮೀನು ದಾಖಲೆ ಮಾಡ್ಯಾರ. ಆಚೆ ಈಚೆ ಮರಳು, ಕೆಸರಿನ ತಳ. ನಡುವ ಇದೊಂದು ಕಲ್ಲಿನ ಊರು. ಮರಿ ಅಡಗಲಿಕ್ಕೆ ಸಂದು, ತಿನ್ನಲಿಕ್ಕೆ ಪಾಚಿ, ದೊಡ್ಡವಕ್ಕ ಕಾಯಲಿಕ್ಕೆ ಗುಹೆ.

ಇಂಥ ಜಾಗದಾಗ ಮೀನು ಹಿಡಿಯೋದು ಹೆಂಗ ಅಂತ ದೊಡ್ಡಪ್ಪನ ಹತ್ತಿರ ಕೂತು ಕೇಳಿದ್ರ, ಅರ್ಧ ಸೆಮಿಸ್ಟರಿನ ಫ್ಲೂಯಿಡ್ ಮೆಕ್ಯಾನಿಕ್ಸ್ ಆಗ್ತದ. ಅವರು ಮೊದಲು ನೋಡೋದು ಮೀನನ್ನಲ್ಲ, ನೀರಿನ ಓಟವನ್ನ. ದ್ವೀಪಕ್ಕ ಎರಡು ಮುಖ ಇರ್ತಾವ: ನೀರು ಬಂದು ಬಡಿಯೋ ಮುಖ, ನೀರು ಸುತ್ತಿ ಹೊರಗ ಬೀಳೋ ಮುಖ. ಬಡಿಯೋ ಮುಖಕ್ಕ ಪ್ಲಾಂಕ್ಟನ್ ಬಂದು ತಗಲ್ತದ. ಅದನ್ನ ತಿನ್ನಲಿಕ್ಕೆ ಸಣ್ಣ ಮೀನು ಗುಂಪುಗಟ್ಟಿ ಓಟಕ್ಕ ಎದುರಾಗಿ ನಿಲ್ತಾವ. ಅವುಗಳ ಕೆಳಗ, ಬಂಡೆಯ ಅಂಚಿಗೆ, ದೊಡ್ಡವು. ಹಿಂದಿನ ಮುಖದಾಗ ಸುಳಿ. ನೋಡಲಿಕ್ಕೆ ನೀರು ಶಾಂತ, ದೋಣಿ ಕಟ್ಟಲಿಕ್ಕೆ ಆರಾಮ, ಹೊಸಬರು ಅಲ್ಲೇ ನಿಲ್ಲಸ್ತಾರ. ದೊಡ್ಡಪ್ಪ ಅವರ ಕಡೆ ನೋಡಿ ಹೇಳಿದ್ದು ನಮಗ ಇನ್ನೂ ನೆನಪದ: "ನೀರು ಎತ್ಲಾಗೆ ಓಡ್ತದೆ ಅಂತ ನೋಡದೆ ಗಾಳ ಬಿಟ್ಟವ ಸಂಜೆವರೆಗೆ ಕಲ್ಲೇ ಹಿಡೀತಾ ಇರ್ತಾನೆ ಮಾರಾಯಾ."

ಈ ಎರಡು ಮುಖ ವರ್ಷಪೂರ್ತಿ ಒಂದೇ ಕಡೆ ಇರಂಗಿಲ್ಲ. ನಮ್ಮ ಪಶ್ಚಿಮ ಕರಾವಳಿಯ ಗುಂಟ ಹರಿಯೋ ಪ್ರವಾಹ ಮಳೆಗಾಲದಾಗ ದಕ್ಷಿಣಕ್ಕ ಓಡ್ತದ, ಚಳಿಗಾಲದಾಗ ತಿರುಗಿ ಉತ್ತರಕ್ಕ ಓಡ್ತದ. ಅದರ ಮ್ಯಾಲ ದಿನಕ್ಕೆರಡು ಸಲದ ಉಬ್ಬರ-ಇಳಿತ ಬ್ಯಾರೆ ಕೂಡ್ತದ. ಎರಡು ವೆಕ್ಟರ್ ಕೂಡಿಸಿದಂಗ, ಒಮ್ಮೆ ಒಂದಕ್ಕೊಂದು ಬಲ, ಒಮ್ಮೆ ಒಂದನ್ನೊಂದು ತಿಂದು ನೀರು ಸತ್ತಂಗ ನಿಲ್ತದ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕ ಸುಮಾರು 12 ತಾಸು 25 ನಿಮಿಷ. ಆರು ತಾಸಿನ ಏರಿಕೆಯೊಳಗ ಮೊದಲ ತಾಸು ಹನ್ನೆರಡರಲ್ಲಿ ಒಂದು ಪಾಲು ನೀರು, ಎರಡನೇ ತಾಸು ಎರಡು ಪಾಲು, ನಡುವಿನ ಎರಡು ತಾಸು ಮೂರು-ಮೂರು, ಆಮ್ಯಾಲ ಎರಡು, ಒಂದು. ಸೈನ್ ಕರ್ವ್ ಅಂತ ನಾವು ಬೋರ್ಡಿನ ಮ್ಯಾಲ ಬರೀತೀವಲ್ಲ, ಅದನ್ನ ಅವರು ಕೈಯಾಗಿನ ದಾರದ ಮ್ಯಾಲ ಓದ್ತಾರ. ನೀರು ನಿಂತಾಗ ಮೀನು ಸೋಮಾರಿ. ಓಟ ಶುರುವಾದ ಮೊದಲ ತಾಸು ಹಸಿವು. ನಡುವಿನ ಜೋರಿನ ಹೊತ್ತಿಗೆ ದೋಣಿಯಲ್ಲಿ ಚಾ.

ಜೋರಿನ ಹೊತ್ತಿಗೆ ಯಾಕ ಚಾ ಅಂದ್ರ, ಅಲ್ಲಿ ನಮ್ಮ ಪರಿಚಯದ ಸೂತ್ರ ಬರ್ತದ. ದಾರದ ಮ್ಯಾಲ ನೀರಿನ ಎಳೆತ ವೇಗದ ವರ್ಗಕ್ಕ ತಕ್ಕಂಗ ಏರ್ತದ. ಓಟ ಅರ್ಧ ನಾಟ್‌ನಿಂದ ಒಂದು ನಾಟ್ ಆದ್ರ ಎಳೆತ ನಾಲ್ಕು ಪಟ್ಟು. 200 ಗ್ರಾಮ್ ಸೀಸದ ಗುಂಡಿನಿಂದ ತಳ ಮುಟ್ತಿದ್ದ ದಾರ ಅದೇ ಕೋನದಾಗ ನಿಲ್ಲಬೇಕಂದ್ರ 800 ಗ್ರಾಮ್ ಬೇಕು. ಕೈ ಸೋಲ್ತದ, ದಾರ ಅಡ್ಡ ಹೋಗಿ ಕಲ್ಲಿಗೆ ಸಿಗ್ತದ. ಅದಕ್ಕ ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನ ಭಾರೀ ಉಬ್ಬರದ ದಿನ ಬಿಟ್ಟು ಅಷ್ಟಮಿ ಕಡೆಯ ಸಣ್ಣ ಉಬ್ಬರದ ದಿನ ಹುಡುಕ್ತಾರ. ನಮ್ಮ ಮಾಳಮಡ್ಡಿ ಮನಿ ಮಾಲಕಿ ಅಜ್ಜಿ ಏಕಾದಶಿ ನೋಡೋ ಪಂಚಾಂಗ, ದೊಡ್ಡಪ್ಪ ಅಷ್ಟಮಿ ನೋಡೋ ಪಂಚಾಂಗ, ಎರಡೂ ಒಂದೇ ಥರದ್ದು. ಅಜ್ಜಿಗೆ ಇದನ್ನ ಹೇಳಿಲ್ಲ.

ಗಾಳಿಯ ಲೆಕ್ಕ ಸರಳ. ನಸುಕಿನಾಗ ನೆಲದ ಗಾಳಿ ಕಡಲಿನ ಕಡೆ ಬೀಸ್ತದ, ದೋಣಿ ಆರಾಮಾಗಿ ಹೊರಗ ಹೋಗ್ತದ. ಮಧ್ಯಾಹ್ನದ ಮ್ಯಾಲ ಕಡಲಗಾಳಿ ಎದ್ದು ಅಲೆ ಕುದೀತದ, ಅಷ್ಟರೊಳಗ ತಿರುಗಿರಬೇಕು. ಇನ್ನ ಕಲ್ಲಿನ ತಳಕ್ಕ ಅವರ ಒಂದು ಉಪಾಯ ನಮಗ ಭಾಳ ಸೇರ್ತು. ಸೀಸದ ಗುಂಡನ್ನ ಮುಖ್ಯ ದಾರಕ್ಕ ನೇರ ಕಟ್ಟಂಗಿಲ್ಲ. ಅದಕ್ಕಿಂತ ತೆಳ್ಳಗಿನ ಒಂದು ಗೇಣು ದಾರದಿಂದ ಕಟ್ತಾರ. ಗುಂಡು ಸಂದಿನೊಳಗ ಸಿಕ್ಕರ ತೆಳ್ಳಗಿನ ದಾರ ಹರೀತದ. ಗುಂಡು ಹೋಗ್ತದ, ಗಾಳ, ಮೀನು, ಉಳಿದ ದಾರ ಕೈಗೆ ಬರ್ತಾವ. ಫ್ಯೂಸ್ ಅಂದ್ರ ಇದೇ ಅಲ್ಲೇನು? ಯಾವ ಸಿಲೆಬಸ್ಸೂ ಇಲ್ಲದ ಫ್ಯೂಸು.

ಇಷ್ಟೆಲ್ಲಾ ಯಾಕ ಹೇಳಿದ್ವಿ ಅಂದ್ರ, ಈ ತಂತ್ರದೊಳಗ ಒಂದು ಮಿತಿ ತಾನಾಗೇ ಕೂತದ. ತಿಂಗಳಿಗೆ ಕೆಲವು ದಿನ, ದಿನಕ್ಕ ಕೆಲವು ತಾಸು, ಒಂದು ಗಾಳಕ್ಕ ಒಂದು ಮೀನು. ಮೀನು ಬೇಡ ಅನ್ನಿಸಿದ್ರ ಬಿಡಬಹುದು. ಕಡಲು ಒಲ್ಲೆ ಅಂದ ದಿನ ಕಡಲಿಗೆ ರಜೆ. ಯಾವ ಇಲಾಖೆಯೂ ಬರೆಯದ ನಿಯಮ ಇದು, ಮುರಿಯಲಿಕ್ಕೂ ಬರಂಗಿಲ್ಲ.

ಈಗ ಬಲ್ಬಿನ ಕಥೆ. ನೀರಿನೊಳಗ ಬೆಳಕಿನ ಕೆಂಪು ಭಾಗ ಮೊದಲ ಕೆಲವೇ ಮೀಟರಿನಲ್ಲಿ ಇಂಗಿ ಹೋಗ್ತದ. ನೀಲಿ, ಹಸಿರು ಆಳಕ್ಕ ಇಳೀತಾವ. ಹವಳದ ಮೀನುಗಳೊಳಗ ಅನೇಕವು ಕೆಂಪಗಿರೋದರ ಅನುಕೂಲ ಇದು: ಇಪ್ಪತ್ತು ಮೀಟರಿನ ಕೆಳಗ ಕೆಂಪು ಅಂದ್ರ ಕಪ್ಪು, ಯಾರಿಗೂ ಕಾಣಂಗಿಲ್ಲ. ಬಿಳಿ ಎಲ್‌ಇಡಿ ಅಂದ್ರ ಮೂಲತಃ ನೀಲಿ ಚಿಪ್ಪಿನ ಮ್ಯಾಲ ಬಳದ ಹಳದಿ ಫಾಸ್ಫರ್. 2014ರಲ್ಲಿ ಆ ನೀಲಿ ಎಲ್‌ಇಡಿಗೇ ಅಕಾಸಾಕಿ, ಅಮಾನೊ, ನಕಾಮುರಾ ಅವರಿಗೆ ಭೌತಶಾಸ್ತ್ರದ ನೊಬೆಲ್ ಬಂತು. ಹಳೇ ತಂತಿ ಬಲ್ಬು ಒಂದು ವ್ಯಾಟ್‌ಗೆ ಹದಿನೈದರ ಹತ್ತಿರ ಲ್ಯೂಮೆನ್ ಕೊಟ್ರ, ಎಲ್‌ಇಡಿ ನೂರು ದಾಟ್ತದ. ಅಂದ್ರ ಅದೇ ಜನರೇಟರಿನಾಗ ಆರೇಳು ಪಟ್ಟು ಬೆಳಕು, ಅದೂ ನೀರಿನೊಳಗ ಆಳಕ್ಕ ಹೋಗೋ ಬಣ್ಣದ ಬೆಳಕು. ನಮ್ಮ ಹಾಸ್ಟೆಲ್ಲಿನ ಟ್ಯೂಬ್‌ಲೈಟಿಗೆ ವರ ಆದದ್ದು ಕಡಲಿನ ಕತ್ತಲಿಗೆ ಏನಾತು ನೋಡ್ರಿ. ದೀಪ ಹಚ್ಚಿ ನಿಂತ ಬೋಟಿನ ಸುತ್ತ ಮೊದಲು ಪ್ಲಾಂಕ್ಟನ್, ಅದರ ಹಿಂದ ತಾರ್ಲೆ, ಬಂಗುಡೆ, ಅವುಗಳ ಮರಿ, ಬೊಂಡಾಸ, ಇವನ್ನೆಲ್ಲ ತಿನ್ನಲಿಕ್ಕೆ ದೊಡ್ಡ ಮೀನು. ಎಲ್ಲಾ ಕೂಡಿದ ಮ್ಯಾಲ ಪರ್ಸೀನ್ ಬಲೆ ಸುತ್ತು ಹಾಕಿ ಕೆಳಗಿಂದ ಸಂಚಿಯ ಬಾಯಿ ಬಿಗಿದಂಗ ಬಿಗೀತಾರ. ಅಷ್ಟಮಿ-ನವಮಿ ಲೆಕ್ಕ ಇಲ್ಲ, ಓಟದ ಲೆಕ್ಕ ಇಲ್ಲ. ಬೆಳದಿಂಗಳು ಒಂದೇ ಅಡ್ಡಿ. ಹಂಗಾಗಿ ಅಮಾವಾಸ್ಯೆ ಕಡೆಯ ಕತ್ತಲು ರಾತ್ರಿ ಅವರಿಗೆ ಸುಗ್ಗಿ.

ಬಲೆಯವರು ಕಲ್ಲಿನ ಮ್ಯಾಲೇ ಬಲೆ ಹಾಕಂಗಿಲ್ಲ, ಹರಿದು ಹೋಗ್ತದ. ಬಲ್ಬಿನ ಅಪಾಯ ಇರೋದೇ ಇಲ್ಲಿ. ಕಲ್ಲಿನ ಮನಿಯೊಳಗಿದ್ದವರನ್ನ ಅಂಗಳಕ್ಕ ಕರದು ಹಿಡಿದಂಗ. ಬಂಡೆಗೆ ಆಸರೆಯಾಗಿದ್ದ ಮರಿಗಳ ಗುಂಪು ಹೊರಗ ಬಂದು ಒಂದೇ ರಾತ್ರಿ ಖಾಲಿ ಆದ್ರ ಕೆಳಗ ಕಾದಿರೋ ದೊಡ್ಡ ಮೀನಿಗೆ ತಿನ್ನಲಿಕ್ಕೆ ಏನದ? ಬಲೆಯಾಗ ಬಂದ ಸಣ್ಣ ಮರಿಗೆ ಮಾರ್ಕೆಟ್ಟಿನಾಗ ರೇಟ್ ಇಲ್ಲ, ಅದು ಮೀನು ಹಿಟ್ಟಿನ ಕಾರ್ಖಾನೆಗೆ ಹೋಗ್ತದ, ಹಿಟ್ಟು ಕೋಳಿ ಆಹಾರಕ್ಕ ಹೋಗ್ತದ. ಮೆಸ್ಸಿನ ಆಮ್ಲೆಟ್ ತಿಂತಾ 'ನಾವು ಮೀನು ತಿನ್ನಂಗಿಲ್ಲಪ್ಪ' ಅನ್ನೋ ಗೆಳೆಯರು ಇದನ್ನ ಒಮ್ಮೆ ಯೋಚನೆ ಮಾಡಬಹುದು.

ಕಾನೂನು ಇಲ್ಲ ಅಂತಲ್ಲ. 2017ರ ನವೆಂಬರಿನಲ್ಲೇ ಕೇಂದ್ರ ಸರಕಾರ ಎಲ್‌ಇಡಿ ಬೆಳಕಿನ ಮೀನುಗಾರಿಕೆ ಹಾಗೂ ಎರಡು ಬೋಟು ಕೂಡಿ ಬಲೆ ಎಳೆಯೋ ಬುಲ್ ಟ್ರಾಲಿಂಗ್ ಎರಡನ್ನೂ ನಿಷೇಧ ಮಾಡ್ತು. ದಂಡೆಯಿಂದ ಹನ್ನೆರಡು ನಾಟಿಕಲ್ ಮೈಲಿವರೆಗಿನ ಮೀನುಗಾರಿಕೆ ರಾಜ್ಯದ ಕೈಯಾಗ ಅದ, ಅದಕ್ಕ 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಅದ. ನೇತ್ರಾಣಿ ಹತ್ತು ಮೈಲಿಯೊಳಗ, ಅಂದ್ರ ಬೆಂಗಳೂರಿನ ಕೈಗೆ ಸಿಗೋ ದೂರದಾಗ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳಿಗೆ 61 ದಿನ ರಜೆಯೂ ಅದ. ಹವಳವನ್ನ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದಕ್ಕ ಸೇರಿಸ್ಯಾರ, ಹುಲಿಗೆ ಇರೋ ಸಾಲಿನಾಗ. ಇಷ್ಟೆಲ್ಲಾ ಇದ್ದರೂ ಬೆಳಕಿನ ಮೀನುಗಾರಿಕೆ ನಿಲ್ಲಸ್ರಿ ಅಂತ ನಾಡದೋಣಿಯವರು ಮತ್ತ ಮತ್ತ ಬೀದಿಗಿಳೀತಾರ. ರಾತ್ರಿ ಕಡಲಿನಾಗ ಯಾವ ಬೋಟು ಎಲ್ಲಿತ್ತು ಅಂತ ಹೇಳೋ ಸಾಕ್ಷಿ ಇಲ್ಲದ ಕಾನೂನು ಪರೀಕ್ಷಾ ಹಾಲಿನಾಗ ಸೂಪರ್‌ವೈಸರ್ ಇಲ್ಲದಂಗ.

ನಮ್ಮ ಮಾತಿಗೆ ಬರೋ ಎದುರು ಮಾತು ನಮಗ ಗೊತ್ತದ. ಖೋಲಿಯೊಳಗೇ ಎರಡು ರಾತ್ರಿ ಜಗಳ ಆಗೇದ.

ಮೊದಲನೇದು, ತಂತ್ರಜ್ಞಾನ ಬಂದೇ ಬರ್ತದ, ತಡೀಲಿಕ್ಕೆ ನೀವ್ಯಾರು ಅನ್ನೋದು. ಬರ್ತದ, ಖರೆ. ಬಂದಾಗ ಏನಾಗ್ತದ ಅನ್ನೋದಕ್ಕ ಉತ್ತರ ಕನ್ನಡದ ದಂಡೆಯೇ ಸಾಕ್ಷಿ. ಹಿಂದ ಅಲ್ಲಿ ರಂಪಣಿ ಬಲೆ ಇತ್ತು: ದೋಣಿಯಿಂದ ಅರ್ಧಚಂದ್ರಾಕಾರ ಹಾಕಿ ದಂಡೆಯಿಂದ ಹತ್ತಾರು ಮಂದಿ ಕೂಡಿ ಎಳೆಯೋ ದೈತ್ಯ ಬಲೆ. ಊರಿಗೆ ಊರೇ ಹಗ್ಗ ಹಿಡೀತಿತ್ತು, ಎಳೆದವರಿಗೆಲ್ಲ ಪಾಲು. 1970ರ ದಶಕದ ಎರಡನೇ ಅರ್ಧದಾಗ ಪರ್ಸೀನ್ ಬೋಟು ಬಂದ್ವು. ಬಂಗುಡೆ, ತಾರ್ಲೆ ದಂಡೆಗೆ ಬರೋ ಮೊದಲೇ ಹೊರಗ ಸುತ್ತಿದ್ರು. ಕೆಲವೇ ವರ್ಷದಾಗ ರಂಪಣಿ ಮೂಲೆ ಸೇರ್ತು. ಮೀನಿನ ಒಟ್ಟು ಟನ್ನು ಹೆಚ್ಚಾತು ಅಂತ ಯಾರಾದ್ರೂ ವರದಿ ಬರೀಬಹುದು. ಹಗ್ಗ ಹಿಡಿದಿದ್ದ ಕೈಗಳ ಪಾಲು ಏನಾತು ಅನ್ನೋ ಕಾಲಮ್ ಆ ಕೋಷ್ಟಕದಾಗ ಇರಂಗಿಲ್ಲ. ತಂತ್ರಜ್ಞಾನ ಬರೋದನ್ನ ತಡೀರಿ ಅಂತ ನಾವು ಹೇಳ್ತಿಲ್ಲ. ಯಾವ ಜಾಗಕ್ಕ ಬರಬೇಕು ಅಂತ ಮೊದಲೇ ಹೇಳ್ರಿ ಅಂತಿದೀವಿ.

ಎರಡನೇದು ಗಟ್ಟಿ ಮಾತು: ಗಾಳದವರೇನು ಸಂತರಾ? ಅಲ್ಲ. ಹವಳದ ಬಂಡೆಯ ದೊಡ್ಡ ಮೀನು ಮುರುಮೀನು, ಇಂಗ್ಲಿಷಿನವರ ಗ್ರೂಪರ್. ಅದರೊಳಗ ಬಹಳ ಜಾತಿ ಹೆಣ್ಣಾಗಿ ಹುಟ್ಟಿ, ವರ್ಷ ಕಳೆದು ದೊಡ್ಡದಾದ ಮ್ಯಾಲ ಗಂಡಾಗ್ತಾವ. ಎಲ್ಲಕ್ಕಿಂತ ದೊಡ್ಡದನ್ನ ಹಿಡಿದೆ ಅಂತ ಫೋಟೊ ಹಾಕೋರು ಆ ಬಂಡೆಯ ಇದ್ದೊಬ್ಬ ಗಂಡನ್ನ ಎತ್ತಿರಬಹುದು. ಮೊಟ್ಟೆ ಇಡೋ ಕಾಲಕ್ಕ ಅವು ಒಂದೇ ಜಾಗಕ್ಕ ಕೂಡ್ತಾವ, ಆ ಜಾಗ ಗೊತ್ತಾದ ಗಾಳದವನೂ ಬಂಡೆ ಖಾಲಿ ಮಾಡಬಲ್ಲ. ಇನ್ನೊಂದು ಉದಾಹರಣೆ ಕರ್ನಾಟಕದ ಕಡಲಿನದ್ದೇ. ತೆಂಗಿನ ಗರಿ, ಹೊಂಬಾಳೆ ಕಟ್ಟು ಮಾಡಿ ಮರಳು ಚೀಲದ ಭಾರ ಹಾಕಿ ಕಡಲಿಗೆ ಇಳಸ್ತಾರ. ಕಟ್ಲ್‌ಫಿಶ್, ಕರಾವಳಿಯವರ ಕಪ್ಪೆ ಬೊಂಡಾಸ, ಅದಕ್ಕ ಮೊಟ್ಟೆ ಅಂಟಸಲಿಕ್ಕೆ ಬರ್ತಾವ. ಬಂದವನ್ನ ಗಾಳದಿಂದಲೇ ಎತ್ತತಾರ. ಜನರೇಟರ್ ಇಲ್ಲ, ಬಲ್ಬಿಲ್ಲ, ಅಷ್ಟೂ ಕೈಕೆಲಸ. ಆದರ ಸಿಗೋದು ಮೊಟ್ಟೆ ಇಡಲಿಕ್ಕೆ ಬಂದ ತಾಯಂದಿರು. ಇದರ ಮ್ಯಾಲ ಬೋಟಿನವರ ನಡುವ ಹೊಡೆದಾಟಗಳೂ ಆಗ್ಯಾವ. ಅದಕ್ಕ ನಾವು ಗಾಳಕ್ಕೂ ಕಟ್ಟುಪಾಡು ಬೇಕು ಅಂತೀವಿ: ಮುರುಮೀನಿನೊಳಗ ತೀರಾ ಸಣ್ಣದೂ ಬ್ಯಾಡ, ತೀರಾ ದೊಡ್ಡದೂ ಬ್ಯಾಡ, ನಡುವಿನ ಅಳತೆ ಮಾತ್ರ, ಅವು ಕೂಡೋ ದಿನಗಳಲ್ಲಿ ಗಾಳಕ್ಕೂ ರಜೆ. ಗಾಳದಲ್ಲಿ ಈ ಆಯ್ಕೆ ಸಾಧ್ಯ ಅದ ಅನ್ನೋದೇ ಅದರ ಗುಣ. ಬಲೆಗೆ ನೀವು ಅಳತೆ ಹೇಳಿ ಹಿಡಿ ಅನ್ನಲಿಕ್ಕೆ ಬರೋದು ಕಣ್ಣಿನ ಗಾತ್ರದವರೆಗೆ ಅಷ್ಟೇ.

(ಬಿಡೋದು ಅಂದ್ರ ಎಸೆಯೋದಲ್ಲ. ಆಳದಿಂದ ಗಡಬಡಿಸಿ ಎಳೆದ ಮೀನಿನ ಗಾಳಿಚೀಲ ಒತ್ತಡ ಇಳಿದು ಉಬ್ಬತದ, ಅದು ಮ್ಯಾಲೇ ತೇಲಿ ಸಾಯ್ತದ. ಬಾಯ್ಲ್ಸ್ ಲಾ: ಇಪ್ಪತ್ತು ಮೀಟರಿನಲ್ಲಿ ಮೂರು ಅಟ್ಮಾಸ್ಫಿಯರ್, ಮ್ಯಾಲ ಒಂದು. ಅದನ್ನ ಭಾರ ಕಟ್ಟಿ ಮತ್ತ ಕೆಳಗ ಇಳಿಸಿ ಬಿಡೋ ಸಲಕರಣೆ ಬ್ಯಾರೆ ದೇಶಗಳಲ್ಲಿ ಅದ. ಮೆಕ್ಯಾನಿಕಲ್‌ನವರು ಕೇಳಸ್ಕೊಂಡ್ರಾ?)

ಮೂರನೇದು, ಬಲೆ ಬೋಟಿನಾಗ ದುಡಿಯೋರ ಹೊಟ್ಟೆ. ಸಾಲ ಮಾಡಿ ಬೋಟು ಇಳಿಸಿದವರು, ಅದರ ಮ್ಯಾಲ ಕೂಲಿಗೆ ಬಂದವರು, ಅವರನ್ನ ಕಳ್ಳರು ಅಂತ ಕರೆಯೋ ಹುಂಬತನ ನಮಗ ಬ್ಯಾಡ. ಆದರ ಲೆಕ್ಕ ಮಾಡ್ರಿ. ಒಂದು ನಾಟಿಕಲ್ ಮೈಲಿ ಅಂದ್ರ 1.852 ಕಿಲೋಮೀಟರ್. ಆ ತ್ರಿಜ್ಯದ ವೃತ್ತದ ಕ್ಷೇತ್ರಫಲ ಹನ್ನೊಂದು ಚದರ ಕಿಲೋಮೀಟರಿನ ಒಳಗ. ನಮ್ಮ ಕರಾವಳಿ ಸುಮಾರು 320 ಕಿಲೋಮೀಟರ್, ರಾಜ್ಯದ ಕಡಲು ಅಲ್ಲಿಂದ 22 ಕಿಲೋಮೀಟರ್ ಅಗಲ; ಅಂದ್ರ ಏಳು ಸಾವಿರ ಚದರ ಕಿಲೋಮೀಟರ್. ನಾವು ಕೇಳ್ತಿರೋದು ಸಾವಿರಕ್ಕ ಎರಡು ಪಾಲೂ ಅಲ್ಲ. ಅಷ್ಟು ಬಿಟ್ಟರ ಯಾವ ಬೋಟಿನ ಕಂತೂ ತಪ್ಪಂಗಿಲ್ಲ. ಅದೇ ಹನ್ನೊಂದು ಚದರ ಕಿಲೋಮೀಟರ್ ಕಳಕೊಂಡ್ರ ದೊಡ್ಡಪ್ಪನಂಥವರಿಗೆ ಬ್ಯಾರೆ ಕಲ್ಲಿನ ಊರು ಹತ್ತಿರ ಇಲ್ಲ.

ಗಾಳದಿಂದ ಹೊಟ್ಟೆ ತುಂಬತದೇನು ಅಂತ ಕೇಳೋರು ಪಶ್ಚಿಮಕ್ಕ ಇನ್ನೂ ಸ್ವಲ್ಪ ದೂರ ನೋಡಬೇಕು, ಲಕ್ಷದ್ವೀಪದ ಕಡೆ. (ಅದರ ಉತ್ತರದ ಅಮೀನಿದಿವಿ ದ್ವೀಪಗಳು 1956ರ ತನಕ ಮಂಗಳೂರಿನ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು, ಅಷ್ಟು ಪರಕೀಯ ಅಲ್ಲ.) ಮಿನಿಕಾಯ್ ದ್ವೀಪದವರ ಟ್ಯೂನಾ ಬೇಟೆ ಹಿಂಗದ: ಹವಳದ ಲಗೂನಿನಲ್ಲಿ ಸಣ್ಣ ಮೀನನ್ನ ಜೀವಂತ ಹಿಡಿದು ದೋಣಿಯ ತಳದಲ್ಲಿ ನೀರಿನೊಳಗೇ ಇಟ್ಕೋತಾರ. ಹೊರಗ ಟ್ಯೂನಾ ಗುಂಪು ಕಂಡ ಕೂಡಲೆ ಆ ಜೀವಂತ ಮೀನು ಎರಚಿ, ನೀರಿನ ಮ್ಯಾಲ ತುಂತುರು ಹಾರಿಸ್ತಾರ. ಟ್ಯೂನಾ ಹುಚ್ಚೆದ್ದು ತಿನ್ನೋ ಹೊತ್ತಿಗೆ ಸಾಲಾಗಿ ನಿಂತವರು ಕೋಲಿನ ತುದಿಯ ಗಾಳದಿಂದ ಒಂದೊಂದೇ ಎತ್ತಿ ಹಿಂದಕ್ಕ ಎಸೀತಾರ. ಅದರ ಮ್ಯಾಲೇ ದ್ವೀಪಗಳ ಬದುಕು ನಡದದ. ಒಣಗಿಸಿ ಮಾಸ್ಮೀನು ಮಾಡಿ ಮಾರ್ತಾರ. ಆದರ ಇಡೀ ಆಟದ ಬುಡ ಲಗೂನಿನ ಸಣ್ಣ ಮೀನು, ಅದರ ಬುಡ ಹವಳ. 1998, 2010, 2016 ಹೀಗೆ ಕಡಲು ಕಾದಾಗಲೆಲ್ಲ ಅಲ್ಲಿ ಹವಳ ಬಿಳಿಚಿಕೊಂಡದ. ಹವಳ ಸತ್ತ ಕಡೆ ಕೋಲು ಹಿಡಿದವನ ಕೈಯೂ ಖಾಲಿ. ಕಡಲಿನ ಬಿಸಿ ಇಳಿಸೋದು ನಮ್ಮ ಖೋಲಿಯ ಕೈಲಿಲ್ಲ, ಆದರ ಬಿಸಿಯಿಂದ ಮೊದಲೇ ಬಳಲಿದ ಬಂಡೆಗೆ ಮ್ಯಾಲಿಂದ ಲಂಗರು ಒಗೀದೇ ಇರೋದು ಯಾರ ಕೈಯಾಗಾದರೂ ಅದ.

ಲಂಗರಿನ ಮಾತು ಬಂತಲ್ಲ, ಅದೇ ನಮ್ಮ ಕೆಲಸದ ಮಾತು. ನೇತ್ರಾಣಿಗೆ ಹೋಗೋ ಬೋಟು, ಗಾಳದವರದಿರಲಿ ಡೈವಿಂಗ್ ಪ್ರವಾಸಿಗರದಿರಲಿ, ಎಲ್ಲೋ ಒಂದು ಕಡೆ ನಿಲ್ಲಬೇಕು. ಕಬ್ಬಿಣದ ಲಂಗರು ಹವಳದ ಮ್ಯಾಲ ಬಿದ್ದು ಓಟಕ್ಕ ಎಳೆದಾಡಿದ್ರ ಹತ್ತಾರು ವರ್ಷದ ಬೆಳವಣಿಗೆ ಹತ್ತು ನಿಮಿಷದಾಗ ಪುಡಿ. ದೊಡ್ಡಪ್ಪ ಮರಳಿನ ತುಂಡು ಹುಡುಕಿ ಇಳಸ್ತಾರ. ಎಲ್ಲರಿಗೂ ಆ ತಾಳ್ಮೆ ಇಲ್ಲ. ಇದಕ್ಕ ಉತ್ತರ ಕಾಯಂ ತೇಲುಬುರುಡೆ, ಮೂರಿಂಗ್ ಬಾಯ್: ಮರಳಿನ ತಳದಲ್ಲಿ ಒಂದು ಭಾರ, ಅಲ್ಲಿಂದ ಮ್ಯಾಲಕ್ಕ ಹಗ್ಗ, ತಳ ಕೆರೆಯದಂಗ ನಡುವ ಒಂದು ಸಣ್ಣ ತೇಲು. ಬಂದ ದೋಣಿ ಅದಕ್ಕ ಕಟ್ಟಿಕೊಂಡು ನಿಲ್ತದ. ಕೇಳಲಿಕ್ಕೆ ಸಪ್ಪೆ, ಎಐ ಇಲ್ಲ, ಆ್ಯಪ್ ಇಲ್ಲ. ಆದರ ಮಳೆಗಾಲದ ಅಲೆ ತಡಕೊಳ್ಳೋ ಭಾರ ಎಷ್ಟು, ಉಬ್ಬರದ ಎತ್ತರಕ್ಕ ಹಗ್ಗ ಎಷ್ಟು ಸಡಿಲ, ಒಂದು ನಾಟ್ ಓಟಕ್ಕ ದೋಣಿಯ ಎಳೆತ ಎಷ್ಟು, ಉಪ್ಪುನೀರಿನಾಗ ಸರಪಳಿ ಎಷ್ಟು ವರ್ಷ ಬಾಳ್ತದ, ಇದೆಲ್ಲ ಖರೇ ಖರೇ ಎಂಜಿನಿಯರಿಂಗ್. ಬಕೆಟ್ಟಿನಾಗ ಎಲ್‌ಇಡಿ ಮಿನುಗಸೋದಕ್ಕಿಂತ ಕಠಿಣ.

ಇಲೆಕ್ಟ್ರಾನಿಕ್ಸ್ ಗೆಳೆಯರಿಗೂ ಕೆಲಸ ಅದ. ದೇಶದ ಒಂದು ಲಕ್ಷ ಮೀನುಗಾರಿಕೆ ಬೋಟುಗಳಿಗೆ ಟ್ರಾನ್ಸ್‌ಪಾಂಡರ್ ಹಾಕೋ ಸರಕಾರಿ ಯೋಜನೆ ನಡದದ. ಮೊಬೈಲ್ ಸಿಗ್ನಲ್ ಇಲ್ಲದ ಕಡೆಯೂ ಉಪಗ್ರಹದ ಮೂಲಕ ಸಂದೇಶ ಹೋಗಿ ಬರ್ತದ. ಆ ಪೆಟ್ಟಿಗೆಯೊಳಗ ನೇತ್ರಾಣಿಯ ವೃತ್ತ ಬರೆದು, ವೃತ್ತದೊಳಗ ಬಲೆ ಬೋಟು ಬಂದ್ರ ತಾಂಡೇಲನಿಗೆ ಕನ್ನಡದಾಗ, ಕೊಂಕಣಿಯಾಗ ಒಂದು ಎಚ್ಚರಿಕೆ, ಆಮೇಲೂ ನಿಂತ್ರ ದಂಡೆಗೆ ಒಂದು ದಾಖಲೆ. ರಾತ್ರಿ ಯಾರು ಎಲ್ಲಿದ್ರು ಅನ್ನೋ ಸಾಕ್ಷಿಯ ಕೊರತೆ ಅರ್ಧ ತುಂಬತದ. ಹೈದರಾಬಾದಿನ ಇಂಕಾಯಿಸ್ ಸಂಸ್ಥೆ ಉಪಗ್ರಹದ ಚಿತ್ರ ನೋಡಿ ಮೀನು ಸಿಗೋ ಸಾಧ್ಯತೆ ಇರೋ ಜಾಗ, ಅಲೆಯ ಎತ್ತರದ ಮುನ್ಸೂಚನೆ ಎರಡನ್ನೂ ಕೊಡ್ತದ. ಮೊದಲನೇದನ್ನ ಎಲ್ಲರೂ ಪ್ರಾಜೆಕ್ಟ್ ಮಾಡ್ತಾರ. ಎರಡನೇದನ್ನ ಸಣ್ಣ ದೋಣಿಯವನಿಗೆ ಅವನ ಭಾಷೆಯಾಗ, ಅವನ ದಂಡೆಗೆ, ನಸುಕಿನ ನಾಲ್ಕಕ್ಕ ಮುಟ್ಟಿಸೋ ಪ್ರಾಜೆಕ್ಟ್ ನಾವಂತೂ ನೋಡಿಲ್ಲ.

ಮುಂದಿನ ಎಕ್ಸ್‌ಪೋಗೆ ನಾವು ನಾಲ್ವರು ತೇಲುಬುರುಡೆಯ ಮಾದರಿ ಇಡ್ತೀವಿ. ಪೋಸ್ಟರಿನ ಕೊನೇ ಸಾಲಿನಾಗ ಇಳುವರಿ ಹೆಚ್ಚಾಗುತ್ತದೆ ಅಂತ ಬರೆಯಂಗಿಲ್ಲ. ಜಡ್ಜ್ ಏನಂತಾರೋ ನೋಡೋಣು. ಸಿವಿಲ್‌ನಿಂದ ಇಬ್ಬರು ಬೇಕಾಗ್ಯಾರ, ಕಾಂಕ್ರೀಟ್ ಭಾರದ ಲೆಕ್ಕಕ್ಕ. ಮೆಕ್ಯಾನಿಕಲ್‌ನಿಂದ ಒಬ್ಬರು, ಸರಪಳಿಗೆ. ಡಿಸೆಂಬರ್ ರಜೆಯಾಗ ಒಮ್ಮೆ ಮುರ್ಡೇಶ್ವರಕ್ಕ ಬರೋ ತಯಾರಿ ಇರಲಿ, ಅಷ್ಟಮಿ ನೋಡಿ ದಿನ ಗೊತ್ತು ಮಾಡ್ತೀವಿ. ವಾಂತಿ ಆಗೋರು ಮುಂಜಾನೆ ಗಡದ್ದಾಗಿ ಉಪ್ಪಿಟ್ಟು ತಿಂದು ದೋಣಿ ಹತ್ತಬ್ಯಾಡ್ರಿ.